ಉಸಿರಿನ ಗುರುತು

ಹಾಡಿನಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಅನ್ನುವುದು ಎರಡನೇ ಸಲಕ್ಕೇ ನನಗೆ ಖಾತ್ರಿಯಾಯಿತು. ನಮ್ಮ ಗಾಯನ ತಂಡದ ಹಾಡುಗಳನ್ನು ಲ್ಯಾಪ್‌ಟಾಪಿನಲ್ಲಿ ಸ್ವರ ಸ್ವರವಾಗಿ ಕೂರಿಸಿ, ಪುಟ ತೆಗೆದು ಹಂಚುವವಳು ನಾನು. ಒಬ್ಬಳೇ ಹಾಡುವ ಭಾಗ ಅಕ್ಕನದು; ಅವಳಿಗೆ ಶೀತವಾದರೆ ಅದೂ ನನ್ನ ಪಾಲಿಗೆ. ಆ ಭಾಗದಲ್ಲೇ, ಸ್ವರ ಬರೆಯುವ ಐದು ಗೆರೆಗಳ ಮೇಲೆ, ನಾನು ಹಾಕದ ಅಲ್ಪವಿರಾಮಗಳು ಬಂದು ಕೂತಿದ್ದವು. ಇಲ್ಲಿ ಉಸಿರು ತೆಗೆದುಕೋ ಅನ್ನುವ ಗುರುತು ಅದು. ಪ್ರತಿ ಗುರುತಿಗೂ ಪಿಯಾನೋಗೆ ಒಂದು ಹೊಸ ಕಾರ್ಡ್ ಬೇರೆ, ಮೂರು ಸ್ವರಗಳನ್ನು ಮೂರು ಬೆರಳಲ್ಲಿ ಒಟ್ಟಿಗೆ ಒತ್ತುವಂಥದ್ದು. ಎಲ್ಲ ಅಳಿಸಿದೆ. ಮರುದಿನ ಮತ್ತೆ ಹಾಜರ್!

ಕಳ್ಳನನ್ನು ದೂರ ಹುಡುಕಬೇಕಿರಲಿಲ್ಲ. ಆ ಲ್ಯಾಪ್‌ಟಾಪ್ ಮುಟ್ಟುವವರು ಇಬ್ಬರೇ, ನಾನು ಮತ್ತು ಪಿಯಾನೋ ನುಡಿಸುವ ಭಾವ, ಅಕ್ಕನ ಗಂಡ. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸುವುದರಲ್ಲಿ ಎತ್ತಿದ ಕೈ. ಶನಿವಾರ ರೆಕಾರ್ಡಿಂಗ್. ಹಾಡು ತುಂಡು ತುಂಡಾದರೆ ಹೆಸರು ಕೆಡುವುದು ಅಕ್ಕನದು, ನಡುನಡುವೆ ಮೆರೆಯುವುದು ಪಿಯಾನೋ. ಹೆಂಡತಿಯ ಹಾಡಿನಲ್ಲೇ ಜಾಗ ಕಬಳಿಸುವ ಗಂಡ! ನನಗೆ ಮೈಯೆಲ್ಲ ಉರಿಯಿತು.

ಅಂದು ಅಭ್ಯಾಸದ ಕೋಣೆಗೆ ಬೇಕೆಂದೇ ಬೇಗ ಹೋದೆ. ಭಾವ ಒಂದು ಸ್ವರದ ಮೇಲೆ ಕ್ಲಿಕ್ ಮಾಡಿ, ಪಕ್ಕದ ಚಿಹ್ನೆಗಳ ಪಟ್ಟಿಯಿಂದ ಅಲ್ಪವಿರಾಮ ಆರಿಸುತ್ತಿದ್ದರು. ನನ್ನನ್ನು ಕಂಡದ್ದೇ ಲ್ಯಾಪ್‌ಟಾಪ್ ಮುಚ್ಚಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಏನ್ ಭಾವ, ನಿಮ್ಮ ಬೆರಳಿಗೆ ಕೆಲಸ ಸಾಲ್ತಿಲ್ವಾ?"

"ಮೆಲ್ಲಗೆ ಮಾತಾಡು. ನಿಮ್ಮಕ್ಕ ಬರೋ ಹೊತ್ತು."

"ಬರ್ಲಿ. ಅವಳಿಗೂ ಗೊತ್ತಾಗ್ಲಿ."

ಭಾವ ಎದ್ದು ಬಾಗಿಲು ಹಾಕಿದರು. "ಮೊದಲೆಲ್ಲ ಇಡೀ ಸಾಲು ಒಂದೇ ಉಸಿರಲ್ಲಿ ಮುಗಿಸ್ತಿದ್ಲು. ಈಗ ಕೊನೇ ಪದ ನುಂಗ್ತಾಳೆ, ನೀನು ಗಮನಿಸಿಲ್ವಾ? ಮೆಟ್ಟಿಲು ಹತ್ತಿ ಬಂದ್ರೆ ಬಾಗಿಲು ಹಿಡ್ಕೊಂಡು ನಿಲ್ತಾಳೆ. ಈ ರೆಕಾರ್ಡಿಂಗ್ ಒಂದು ಆಗ್ಲಿ, ಆಮೇಲೆ ಡಾಕ್ಟರ್ ಹತ್ರ ಬರ್ತೀನಿ ಅಂತ ಒಪ್ಪಿದಾಳೆ. ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಿದಾಳೆ. ಪುಟದಲ್ಲೇ ಗುರುತಿದ್ರೆ ಸಂಕೋಚ ಇಲ್ಲದೆ ಉಸಿರು ತಗೋತಾಳೆ. ಆಗ ನಾನೊಂದು ಕಾರ್ಡ್ ನುಡಿಸಿದ್ರೆ ಕೇಳೋರಿಗೆ ಗೊತ್ತಾಗಲ್ಲ."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಪಕ್ಕದಲ್ಲೇ ನಿಂತು ಹಾಡುವ ನನಗೆ ಅಕ್ಕನ ಉಸಿರು ಕೇಳಿಸಿರಲಿಲ್ಲ, ಅಲ್ಪವಿರಾಮ ಮಾತ್ರ ಕಂಡಿತ್ತು. ಆ ಪುಟಗಳನ್ನು ಹಾಗೆಯೇ ಪ್ರಿಂಟ್ ತೆಗೆದೆ.

ಅಕ್ಕ ಬಂದಳು. ಪುಟ ತಿರುವಿದ ಬೆರಳು ಎರಡನೇ ಸಾಲಿನಲ್ಲಿ ನಿಂತಿತು.

"ಇದನ್ನೆಲ್ಲ ಯಾರು ಹಾಕಿದ್ದು?"

ಭಾವನ ಮುಖ ಬಿಳುಚಿತು. ಗುರುತು ಅವರದೆಂದರೆ ಮಾತು ಮುರಿದು ನನಗೂ ಹೇಳಿದ್ದಾರೆಂದು ಅಕ್ಕನಿಗೆ ಹೊಳೆಯುತ್ತಿತ್ತು, ಡಾಕ್ಟರ ಬಳಿ ಹೋಗುವುದೂ ನಿಂತುಹೋಗುತ್ತಿತ್ತು.

"ನಾನೇ ಅಕ್ಕ. ಹೀಗೆ ಚೆನ್ನಾಗಿರುತ್ತೆ ಅನ್ನಿಸ್ತು," ಅಂದೆ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಥ ನೋಟ ಅವಳಿಂದ ನಾನು ಎಂದೂ ಕಂಡಿರಲಿಲ್ಲ.

"ನನಗೆ ಉಸಿರು ಸಾಲಲ್ಲ ಅಂತ ಊರಿಗೆಲ್ಲ ತೋರಿಸ್ಬೇಕಾ? ನಾನು ಬಿಟ್ರೆ ಈ ಜಾಗ ಯಾರಿಗೆ ಹೋಗುತ್ತೆ ಅಂತ ನನಗೆ ಗೊತ್ತಿಲ್ವಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಪಿಯಾನೋ ಮುಂದಿನಿಂದ ಭಾವ ನನ್ನನ್ನೇ ನೋಡುತ್ತಿದ್ದರು. ಕೈಲಿದ್ದ ಉಳಿದ ಪುಟಗಳನ್ನು ಜೋಡಿಸತೊಡಗಿದೆ.

ಅಕ್ಕ ನನಗೆ ಬೆನ್ನು ಹಾಕಿ ಹಾಡತೊಡಗಿದಳು. ಮೊದಲ ಅಲ್ಪವಿರಾಮ ಬಂದಾಗ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡಳು.