ಹತ್ತೊಂಬತ್ತು ಎಳೆ

ನೆಲದ ಮೇಲೆ ಏನೋ ಮಿನುಗಿತು, ಮೊಳೆಯಿರಬೇಕೆಂದು ಹಿರಿಯ ವೈರ್‌ಮನ್ ಬಗ್ಗಿ ಎತ್ತಿದರೆ ಮೊಳೆಯಲ್ಲ, ತಾಮ್ರ, ಉಗುರಿನುದ್ದದ ತುಂಡು, ಪ್ಯಾನೆಲ್ ಕೆಳಗೆ ಇನ್ನೂ ಎರಡು — ವೈರು ಸುಲಿದರೆ ಪ್ಲಾಸ್ಟಿಕ್ ಬೀಳಬೇಕು, ತಾಮ್ರ ಬಿತ್ತೆಂದರೆ ಯಾರೋ ಎಳೆ ಕತ್ತರಿಸಿದ್ದಾರೆ, ಯಾರೋ ಏನು ಬಂತು, ನಿನ್ನೆ ಇಲ್ಲಿ ಕೂತವನು ಅಳಿಯನೊಬ್ಬನೇ. ಬೇಕರಿಯೊಡತಿ ಬಾಗಿಲಲ್ಲಿ, ಏನಣ್ಣಾ, ಸ್ವಿಚ್ ಹಾಕೋಕೆ ಇನ್ಯಾರ ಅಪ್ಪಣೆ ಆಗ್ಬೇಕು, ಹಿಟ್ಟು ಉಬ್ಬಿ ನನ್ನ ತಲೆ ಮೇಲೆ ಬರ್ತಿದೆ — ಬರಲಿ ತಾಯಿ, ಸ್ವಲ್ಪ ತಡೀರಿ. ಟೇಪು ಬಿಚ್ಚಿದ, ವೈರಿನ ತುದಿಗೆ ತೊಡಿಸಿದ ಲಗ್ಗಿನ ಕತ್ತಿನಲ್ಲಿ ಎಳೆ ಎಣಿಸಿದ, ಹದಿನಾರು, ಹತ್ತೊಂಬತ್ತಿರಬೇಕಾದಲ್ಲಿ ಹದಿನಾರು, ಕಣ್ಣು ಮಂಜಾಯಿತೇನೋ ಎಂದು ಮತ್ತೆ ಎಣಿಸಿದ, ಹದಿನಾರೇ. ಈ ವೈರಿಗಾಗಿ ಅಂಗಡಿಯವನೊಡನೆ ಎಷ್ಟು ಜಗಳ, ಒಂದು ಸೈಜ್ ಕಮ್ಮಿ ಸಾಕು ಯಜಮಾನ್ರೇ ಎಂದಾಗ, ಓವನ್ ಬೆಳಗಿಂದ ಸಂಜೆತನಕ ಉರಿಯುತ್ತಪ್ಪಾ, ದೀಪವಲ್ಲ, ನಲವತ್ತು ಮೀಟರ್ ದೂರ ಬೇರೆ, ಹೆಬ್ಬೆರಳು ದಪ್ಪದ್ದೇ ಕೊಡು ಎಂದು ಹಟಹಿಡಿದು ತಂದದ್ದು, ನಾಲ್ಕು ಜನ ಬೆವರು ಸುರಿಸಿ ಎಳೆದದ್ದು, ಕೊನೆಗೆ ಬಾಯಲ್ಲಿ ಬಂದು ಸಣ್ಣಗಾಯಿತೇ, ಬಿಸಿಯಾಗುವುದೂ ಅಲ್ಲೇ, ಕರಗುವುದೂ ಅಲ್ಲೇ, ದೇವರಿಗೆ ಮಾತ್ರ ಕಾಣುವ ಜಾಗವೂ ಅದೇ.

ಲಗ್ಗು ಚಿಕ್ಕವು ಬಂದಿದ್ದವು ಮಾವ, ತೂರಲಿಲ್ಲ, ಅಳಿಯ ನೆಲ ನೋಡುತ್ತಾನೆ — ನನ್ನನ್ನ ಕೇಳ್ಬಾರದಿತ್ತೇನೋ — ನೀವೇ ತೋರಿಸಿಕೊಟ್ಟದ್ದಲ್ವಾ, ಆ ಹೊಲಿಗೆ ಅಂಗಡೀಲಿ, ಎರಡೆಳೆ ತಾನೇ, ಯಾರಪ್ಪನ ಗಂಟು ಹೋಗುತ್ತೆ ಅಂತ ನಕ್ಕಿದ್ರಿ. ನಕ್ಕಿದ್ದ, ಹೌದು, ಮರೆತದ್ದಲ್ಲ, ಮರೆಯಲು ಬಿಟ್ಟದ್ದು, ಆ ದಿನವೂ ಲಗ್ಗು ಚಿಕ್ಕದು, ಅಂಗಡಿ ದೂರ, ಕೈಯಲ್ಲಿ ಕಟಿಂಗ್ ಪ್ಲೇಯರ್, ಒಬ್ಬ ಹೆಂಗಸು ಅಲ್ಲಿನ ಪ್ಯಾನೆಲ್ಲಿಗೆ ಬೆನ್ನು ಒರಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕೊಂಚ ಸರಿಯಮ್ಮಾ ಎಂದು ಮುಚ್ಚಳ ಹಾಕಿದ, ಎಂಟು ವರ್ಷ ಏನೂ ಆಗಲಿಲ್ಲ, ಆಗಲಿಲ್ಲವೆಂಬುದನ್ನೇ ವಿದ್ಯೆ ಎಂದುಕೊಂಡ, ಅಳಿಯನಿಗೂ ಉಣಿಸಿದ. ಈಗ ಬೈದರೆ ಆ ಬೈಗುಳ ಯಾರಿಗೆ.

ಅಮ್ಮಾ, ಇವತ್ತು ಓವನ್ ಇಲ್ಲ. ಒಡತಿಯ ಮುಖ ಕೆಂಪಾಯಿತು, ಅಷ್ಟು ಹಿಟ್ಟನ್ನ ನಿಮ್ಮ ತಲೆಗೆ ಸುರೀಲಾ, ಬೇರೆಯವರನ್ನ ಕರೆಸ್ತೀನಿ ನೋಡಿ — ಕರೆಸಿ ತಾಯಿ, ಅವರೂ ಎಳೆ ಎಣಿಸಲಿ, ತಪ್ಪು ನಮ್ಮದು, ನಾನೇ ಕಲಿಸಿದ್ದು, ತಿದ್ದದೆ ಸ್ವಿಚ್ ಮುಟ್ಟಲ್ಲ. ಅವಳು ದುರುಗುಟ್ಟಿ ನೋಡಿ, ನಾಳೆ ಬೆಳಿಗ್ಗೆ ಅಂದ್ರೆ ಬೆಳಿಗ್ಗೇನೇ ಎಂದು ಹೋದಳು. ಹೋಗಪ್ಪಾ, ಸರಿಯಾದ ಅಳತೆಯ ಲಗ್ಗು ಎಂಟು ತಾ, ಇಲ್ಲ, ಹನ್ನೆರಡು ತಾ — ಇಲ್ಲಿಗೆ ಎಂಟೇ ಅಲ್ವಾ ಮಾವ — ಇಲ್ಲಿಗೆ ಎಂಟು. ಪುಣ್ಯಕ್ಕೆ ತುದಿಯಲ್ಲಿ ಮೊಳದಷ್ಟು ವೈರು ಹೆಚ್ಚಿಗೆ ಬಿಟ್ಟಿತ್ತು, ಕತ್ತರಿಸಿದ, ಸುಲಿದ, ಎಳೆ ಹೂವಿನಂತೆ ಅರಳಿತು, ಎಣಿಸತೊಡಗಿದ, ನಾಳೆ ಇದು ಮುಗಿದೊಡನೆ ಆ ಹೊಲಿಗೆ ಅಂಗಡಿಗೆ, ಬಾಗಿಲು ತಟ್ಟಬೇಕು, ಏನೆಂದು ಹೇಳುವುದು, ಇದ್ದದ್ದನ್ನೇ ಹೇಳುವುದು, ಹದಿನಾರು, ಹದಿನೇಳು — ಅವಳು ಇವತ್ತೂ ಅಲ್ಲೇ ಒರಗಿರುತ್ತಾಳೆ, ಬೆನ್ನಿಗೆ ಬಿಸಿ ತಾಕಿದರೆ ಬಿಸಿಲೆಂದುಕೊಳ್ಳುತ್ತಾಳೆ — ಹದಿನೇಳು, ಅಲ್ಲಿ ಉಳಿದದ್ದೂ ಅಷ್ಟೇ — ಒರಗಿದ ಆ ಬೆನ್ನು.