ಹಿಂದಿನ ಮೆಟ್ಟಿಲು

ಫಿನಾಯಿಲಿಗೆ ಕೈ ಸುಲಿದು, ಬೆರಳ ಸಂದಿಯಲ್ಲೆಲ್ಲ ನೀರಾಡುತ್ತಿತ್ತು. ಶಾಲೆಯ ಕಸ ಗುಡಿಸುವವಳಿಗೆ ಆ ಉರಿ ಲೆಕ್ಕಕ್ಕಿರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಪಕ್ಕದ ಮನೆಯ ಇಸ್ತ್ರಿಯವಳ ಮಗಳು ಮೇಲಿನ ಮಹಡಿ ಸೇರಿದ್ದಳು.

ಶಾಲೆ ಸರ್ಕಾರದ್ದೇ. ಗೇಟು ಒಂದು, ಮಹಡಿ ಎರಡು. ಮೇಲೆ ಕಾರಿನಲ್ಲಿ ಬರುವ ಬಿಳಿ ತೊಗಲಿನವರ ಮಕ್ಕಳು. ಅವರಿಗೆ ಫ್ಯಾನು, ಕಂಪ್ಯೂಟರು, ದಿನಾ ಬರುವ ಮೇಷ್ಟ್ರು. ಕೆಳಗೆ ಕಾಲೊನಿಯ ಕಪ್ಪು ಮಕ್ಕಳು. ಬೆಂಚಿಗೆ ಐದು ಜನ, ಮೇಷ್ಟ್ರು ಬಂದರೆ ಬಂದರು. ಮೇಲಿನ ಪ್ರತಿ ಕ್ಲಾಸಿನಲ್ಲೂ ಆರು ಕಾಲೊನಿ ಮಕ್ಕಳಿರಬೇಕು, ಇಲ್ಲದಿದ್ದರೆ ಸಹಾಯಧನ ಇಲ್ಲ ಎಂದು ಈ ವರ್ಷ ಆಜ್ಞೆ ಬಂತು. 'ಎಲ್ಲ ಬಣ್ಣದ ಮಕ್ಕಳೂ ಒಂದೇ ಬೆಂಚಿನಲ್ಲಿ' ಎಂದು ಗೇಟಿನ ಮೇಲೆ ಬರೆಸಿದರು. ಐದನೇ ಕ್ಲಾಸಿನ ಆರರಲ್ಲಿ ಗುಡಿಸುವವಳ ಮಗಳಿರಲಿಲ್ಲ.

ಇಸ್ತ್ರಿಯವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಲ್ಲಿಯ ಹತ್ತಿರ ಶುರು ಮಾಡಿದರೆ ಕೊಡ ತುಂಬಿ ಹರಿದರೂ ಮಾತು ಮುಗಿಯದು.

"ನಮ್ಮ ಹುಡುಗಿ ಈಗ ಕಂಪ್ಯೂಟರ್ ಒತ್ತುತ್ತಾಳೆ ಕಣಕ್ಕ. ನಿನ್ನ ಮಗಳೂ ಜಾಣೇನೇ. ಏನ್ಮಾಡೋದು, ಹಣೇಲಿ ಬರ್ದಿರ್ಬೇಕಲ್ಲ."

"ಸರಿ ಬಿಡೇ, ನೀನು ಪುಣ್ಯವಂತೆ" ಎಂದು ಗುಡಿಸುವವಳು ಹಲ್ಲು ಕಚ್ಚಿಕೊಂಡು ಕೊಡ ಎತ್ತಿದಳು.

ಮೇಲಿನ ಮಹಡಿ ಗುಡಿಸುವುದು ಅವಳೇ. ಆದರೆ ಬೆಲ್ಲಿಗೆ ಮುಂಚೆ, ಇಲ್ಲವೇ ಶಾಲೆ ಬಿಟ್ಟ ಮೇಲೆ, ನಡುವೆ ಹತ್ತುವಂತಿಲ್ಲ, ಶಾಲೆಯ ಹಿಂದಕ್ಕೂ ಹೋಗುವಂತಿಲ್ಲ. ಬೆಂಚು ಒರೆಸುವಾಗ, ಇಸ್ತ್ರಿಯವಳ ಮಗಳು ಕೂರುವುದು ಇದರಲ್ಲೋ ಅದರಲ್ಲೋ ಎಂದು ಹುಡುಕುವಳು. ಇಡೀ ಮಹಡಿಯೇ ಕಾರಿನವರ ಕೈಯಲ್ಲಿತ್ತು. ಅವರ ಮೇಲೆ ಇವಳಿಗೆ ಕಿಚ್ಚು ಹುಟ್ಟಲಿಲ್ಲ ನೋಡಿ. ನಮ್ಮ ಬುದ್ಧಿಯೇ ಅಷ್ಟು.

ಒಂದು ದಿನ ಹೆಡ್ಮಾಸ್ತರರ ಕೋಣೆ ಒರೆಸುತ್ತ ಬಾಯಿಬಿಟ್ಟಳು.

"ಸಾರ್, ಆ ಇಸ್ತ್ರಿಯವಳ ಮಗಳಿಗೆ ತಲೆ ತುಂಬ ಹೇನು. ಪಕ್ಕದ ಮಕ್ಕಳಿಗೂ ಹತ್ಕೊಳ್ಳುತ್ತೆ. ನಮ್ಮ ಹುಡುಗಿ ಚೊಕ್ಕಟ ಸಾರ್."

ಹೇನೂ ಇಲ್ಲ, ಗೀನೂ ಇಲ್ಲ. ಶುದ್ಧ ಸುಳ್ಳು.

"ಸರಿ, ಅವಳನ್ನ ಕೆಳಗೆ ಕಳಿಸಿ ನಿನ್ನ ಮಗಳನ್ನ ಹಾಕ್ತೀನಿ. ನಮಗೆ ಆರು ತಲೆ ಇದ್ರಾಯ್ತು" ಎಂದರು ಅವರು.

ಮರುದಿನ ನಲ್ಲಿಯ ಹತ್ತಿರ ಇಸ್ತ್ರಿಯವಳು ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಹೋದಳು. ಗುಡಿಸುವವಳಿಗೆ ಹಾಲು ಕುಡಿದಷ್ಟು ಸಂತೋಷ. ಮಗಳು ಮೇಲೆ ಕೂತದ್ದನ್ನು ಕದ್ದು ನೋಡಬೇಕೆನಿಸಿತು. ಬೆಲ್ಲಾಗಿ ಸ್ವಲ್ಪ ಹೊತ್ತಿಗೆ ಪೊರಕೆ ಹಿಡಿದು ಹಿಂದಿನ ಮೆಟ್ಟಿಲು ಹತ್ತಿದಳು.

ಎದುರಿಗೆ ಆರು ಮಕ್ಕಳು ಚೀಲ ಹೊತ್ತು ಇಳಿಯುತ್ತಿದ್ದರು. ಕೊನೆಯವಳು ಅವಳ ಮಗಳು.

"ಎಲ್ಲಿಗೇ?"

"ಹಿಂದಿನ ತಗಡಿನ ಶೆಡ್ಡಿಗಮ್ಮ. ಹಾಜರಿ ಕೂಗಿದ್ಮೇಲೆ ನಾವು ಅಲ್ಲೇ ಇರ್ಬೇಕಂತೆ. ಸಂಜೆ ಹಾಜರಿಗೆ ಮತ್ತೆ ಮೇಲೆ."

"ಅಲ್ಲಿ ಪಾಠ ಯಾರು ಮಾಡ್ತಾರೆ?"

"ಯಾರೂ ಇಲ್ಲ. ನಮ್ಮ ಪಕ್ಕ ಕೂರೋಕೆ ಕಾರಿನೋರ ಮಕ್ಕಳನ್ನ ಬಿಡಲ್ವಂತೆ. ಮನೇಲಿ ಹೇಳಿದ್ರೆ ಹೆಸರು ಹೊಡೆದುಹಾಕ್ತಾರಂತೆ."

ಗುಡಿಸುವವಳಿಗೆ ಈಗ ತಿಳಿಯಿತು. ಇಸ್ತ್ರಿಯವಳ ಮಗಳು ಇಷ್ಟು ತಿಂಗಳು ತಗಡಿನ ಕೆಳಗೆ ಬೆಂದು, ಅಮ್ಮನ ಮುಖ ಬಾಡಬಾರದೆಂದು ಮನೆಯಲ್ಲಿ ಕಂಪ್ಯೂಟರಿನ ಕಥೆ ಕಟ್ಟಿದ್ದಳು. ಇಲ್ಲದ ಆ ಕಂಪ್ಯೂಟರಿಗೆ ಇವಳು ಹೊಟ್ಟೆ ಉರಿದುಕೊಂಡಿದ್ದಳು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಸಂಜೆ ಇಸ್ತ್ರಿಯವಳ ಬಾಗಿಲಲ್ಲಿ ನಿಂತು, ಹೇನಿನ ಮಾತನ್ನೂ ಬಿಡದೆ, ಎಲ್ಲ ಹೇಳಿದಳು.

"ಥೂ, ನಿನ್ನ ಬಾಯಿಗೆ ಹುಳ ಬೀಳ!" ಎಂದು ಶುರುಮಾಡಿದ ಇಸ್ತ್ರಿಯವಳು ಪೆಟ್ಟಿಗೆಯ ಕೆಂಡ ಆರುವವರೆಗೂ ಬೈದಳು. ಬೈದು ಸುಸ್ತಾದ ಮೇಲೆ ಕೇಳಿದಳು: "ನಾಳೆ ಹಾಜರಿ ಎಷ್ಟೊತ್ತಿಗೆ?"

ಮರುದಿನ ಹಾಜರಿ ಮುಗಿದಾಗ ಹಿಂದಿನ ಮೆಟ್ಟಿಲ ತುಂಬ ಕಾಲೊನಿಯ ಹೆಂಗಸರು ಕೂತಿದ್ದರು. ಮಕ್ಕಳಿಗೆ ಇಳಿಯಲು ಜಾಗವಿಲ್ಲ. ಹೆಡ್ಮಾಸ್ತರರು ಓಡಿಬಂದರು.

"ಏನಿದು? ಕಾರಲ್ಲಿ ಬರೋರನ್ನ ಕಂಡ್ರೆ ಹೊಟ್ಟೆಕಿಚ್ಚಾ ನಿಮಗೆ?"

"ಹೌದು ಸಾರ್, ಹೊಟ್ಟೆಕಿಚ್ಚೇ" ಎಂದಳು ಗುಡಿಸುವವಳು. "ಇಷ್ಟು ದಿನ ಪಕ್ಕದ ಮನೆಯವಳ ಮೇಲಿತ್ತು. ನಮ್ಮ ಏಳು ಮಕ್ಕಳನ್ನೂ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಏಳ್ತೀವಿ."

"ಆರು!"

"ಏಳು!" ಇಸ್ತ್ರಿಯವಳು ಕೂತಲ್ಲಿಂದಲೇ ಕೂಗಿದಳು. ಪಕ್ಕದಲ್ಲಿ ಅವಳ ಮಗಳು ಚೀಲ ತಬ್ಬಿಕೊಂಡಿದ್ದಳು.

ಹೆಡ್ಮಾಸ್ತರರು ಗುಡಿಸುವವಳತ್ತ ಬೆರಳು ಚಾಚಿದರು. "ನೀನು ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಬರೋದೇನು ಬಂತು ಸಾರ್, ಇಲ್ಲಿಂದ ಹೋದ್ರೆ ತಾನೆ?" ಎಂದು ಅವಳು ಇಸ್ತ್ರಿಯವಳಿಗೆ ಒತ್ತಿಕೊಂಡು ಕೂತಳು.