ಧನ್ಯಾಳ ತಲೆಗೆ ಕಟ್ಟಿದ ವೈರಸ್

ಕಂಪ್ಯೂಟರ್ ಕೆಟ್ಟರೆ ಕಂಪ್ಯೂಟರನ್ನು ನೋಡಬೇಕೋ, ಅದರ ಮುಂದೆ ಕೂತ ಹುಡುಗಿಯನ್ನು ನೋಡಬೇಕೋ? ನೀವೇ ಹೇಳಿ. ನಮ್ಮ ಯಜಮಾನರು ಹುಡುಗಿಯನ್ನು ನೋಡಿದರು. ನೋಡಿದ್ದಷ್ಟೇ ಅಲ್ಲ, ಊರಿಗೆ ಫೋನ್ ಮಾಡಿ ಅವಳ ಮಾನ ತೆಗೆದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ದಿಲ್ಲಿ ಹತ್ತಿರದ ಮಾನೇಸರ್‌ನಲ್ಲಿ ನಮ್ಮದೊಂದು ಹೋಟೆಲ್. ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳು. ಮಧ್ಯಾಹ್ನ ಊಟಕ್ಕೆ ಬಿಟ್ಟರೆಂದರೆ ಒಂದೇ ಸಲ ನುಗ್ಗುತ್ತಾರೆ, ಬಾಗಿಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಲ್ಲಾದಲ್ಲಿ ಕೂತು ಕಂಪ್ಯೂಟರಿನಲ್ಲಿ ಆರ್ಡರ್ ಒತ್ತಿದರೆ ಒಳಗೆ ಅಡುಗೆಯವರಿಗೆ ಚೀಟಿ ಬರುತ್ತದೆ. ಆ ಕೆಲಸ ಧನ್ಯಾಳದು. ನನ್ನ ತಂಗಿ ವಾಸಂತಿಯ ಮಗಳು ಅವಳು. ಬ್ರಹ್ಮಾವರದಿಂದ ಬಂದು ನಮ್ಮ ಮನೆಯಲ್ಲೇ ಇದ್ದಾಳೆ, ಕೆಲಸ ಮಾಡಿಕೊಂಡೇ ಎಂ.ಕಾಂ. ಓದುತ್ತಾಳೆ. ಬಾಯಿ ಕಡಿಮೆ, ಕೈ ಚುರುಕು.

ನವರಾತ್ರಿ ಮುಗಿದದ್ದೇ ತಡ, ಆ ಕಂಪ್ಯೂಟರಿಗೆ ಏನು ಬಡಿಯಿತೋ! ನೋಡುನೋಡುತ್ತಿದ್ದ ಹಾಗೆ ಪರದೆ ನೀಲಿಯಾಗುತ್ತದೆ, ಇಂಗ್ಲಿಷಿನಲ್ಲಿ ಏನೋ ಗೊಣಗುತ್ತದೆ, ತಾನೇ ಆರಿ ತಾನೇ ಹತ್ತಿಕೊಳ್ಳುತ್ತದೆ. ಒಂದು ದಿನ ಬಾಗಿಲು ತೆಗೆಯುತ್ತಿದ್ದ ಹಾಗೆ, ಇನ್ನೊಂದು ದಿನ ರಶ್ ನಡುವೆ. ಮತ್ತೆ ಎರಡು ದಿನ ಸಾಧುವಿನ ಹಾಗೆ ಸುಮ್ಮನಿರುತ್ತದೆ. ಆರ್ಡರ್ ಅರ್ಧಕ್ಕೇ ನಿಂತು, ಮಸಾಲೆ ದೋಸೆ ಕೇಳಿದವನಿಗೆ ಇಡ್ಲಿ ಹೋಗಿ, ಅವನು ಧನ್ಯಾಳ ಮೇಲೆ ಕೂಗಾಡಿ, ಒಂದೇ ಗದ್ದಲ.

"ಮೊಬೈಲ್ ಚಾರ್ಜಿಗೆ ಇದಕ್ಕೇ ಸಿಕ್ಕಿಸ್ತಾಳೆ. ಅಲ್ಲಿಂದ ವೈರಸ್ ಬಂದಿದೆ" ಅಂದರು ಯಜಮಾನರು. ಜಯಾನಂದ ಅಂತ ಇವರ ಹೆಸರು, ಮಾನೇಸರ್‌ನಲ್ಲಿ ಎಲ್ಲರಿಗೂ ದೊಡ್ಡ ಮನುಷ್ಯ. ಅವರು ಹೇಳಿದ ಮೇಲೆ ಮುಗಿಯಿತು.

ಗುರುಗ್ರಾಮದಿಂದ ವರುಣ್ ಅನ್ನುವ ಮೆಕ್ಯಾನಿಕ್ ಬಂದ. ಬಂದವನು ಡಬ್ಬ ಬಿಚ್ಚಿ ನೋಡಿದನೇ? ಎಲ್ಲಿ! ಕೂತಲ್ಲಿಂದಲೇ "ವೈರಸ್ ಹೈ, ಫಾರ್ಮ್ಯಾಟ್ ಮಾರ್ ದೇತೇ ಹೈಂ" ಅಂದ. ಒಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ. ನಾಲ್ಕು ದಿನ ಕಳೆಯಲಿಲ್ಲ, ಮತ್ತೆ ಅದೇ ಹಾಡು. ಮತ್ತೆ ಬಂದ, ಮತ್ತೆ ಅಳಿಸಿದ. ಹೊಟ್ಟೆನೋವು ಅಂದರೂ, ಹಲ್ಲುನೋವು ಅಂದರೂ ತಲೆ ಬೋಳಿಸುವ ಡಾಕ್ಟರು ಇವನು! ಎರಡನೇ ಸಲ ಅಳಿಸಿದ ಮೇಲೂ ಪರದೆ ನೀಲಿಯಾದಾಗ ಯಜಮಾನರು ಧನ್ಯಾಳನ್ನು ಗಿರಾಕಿಗಳ ಎದುರಿಗೇ ತರಾಟೆಗೆ ತೆಗೆದುಕೊಂಡರು. ಅವಳು "ದೊಡ್ಡಪ್ಪ, ಒಂದು ಮಾತು..." ಅಂದಳು. "ಬಾಯಿ ಮುಚ್ಚು" ಅಂದರು. ಅಂದೇ ವಾಸಂತಿಗೆ ಫೋನ್: "ನಿನ್ನ ಮಗಳು ಏನೇನೋ ವಿಡಿಯೋ ನೋಡಿ ಕಂಪ್ಯೂಟರ್ ಹಾಳು ಮಾಡಿದ್ದಾಳೆ. ಶನಿವಾರದ ರೈಲಿಗೆ ಹತ್ತಿಸ್ತೀನಿ."

ಏನೇನೋ ವಿಡಿಯೋ! ಅಯ್ಯೋ ದೇವರೇ, ಇಂಥ ಮಾತು ಆಡಿ ಆಗುತ್ತದೆಯೇ? ಊರಿನಲ್ಲಿ ಈ ಮಾತಿಗೆ ಎಷ್ಟು ಕಾಲು ಹುಟ್ಟುತ್ತದೆ ಅಂತ ಇವರಿಗೆ ಗೊತ್ತಿಲ್ಲವೇ? ದಿಲ್ಲಿಯಿಂದ ವಾಪಸ್ ಅಟ್ಟಿದ ಹುಡುಗಿ ಅಂದರೆ ಯಾರು ಕಂಪ್ಯೂಟರಿನ ವಿಷಯ ಕೇಳುತ್ತಾರೆ? ಓದು ಅಲ್ಲಿಗೇ ನಿಲ್ಲುತ್ತದೆ, ಸಿಕ್ಕಿದವನಿಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಅವತ್ತು ಇವರೂ ನಾನೂ ಎಷ್ಟು ಜಗಳ ಆಡಿದೆವೋ ಲೆಕ್ಕವಿಲ್ಲ. ಇವರು ಜಗ್ಗಲಿಲ್ಲ.

ಶುಕ್ರವಾರ ಬೆಳಗ್ಗೆ ವರುಣ್ ಮೂರನೇ ಸಲ ಬಂದ. ಧನ್ಯಾ ಮಹಡಿಯಲ್ಲಿ ಬಟ್ಟೆ ತುಂಬುತ್ತಿದ್ದಳು, ಗಲ್ಲಾದ ಹತ್ತಿರ ಇಳಿದೇ ಇರಲಿಲ್ಲ. ಇವನು ಎಲ್ಲ ಅಳಿಸಿ ಹೊಸದು ತುಂಬುತ್ತಿದ್ದ. ಅರ್ಧ ತುಂಬಿತ್ತೋ ಇಲ್ಲವೋ, ಪರದೆ ನೀಲಿ!

ನನ್ನ ಮೈಯೆಲ್ಲ ಉರಿದುಹೋಯಿತು. ಸೌಟು ಹಿಡಿದೇ ಹೊರಗೆ ಬಂದೆ. "ವರುಣ್ ಭಯ್ಯಾ, ಈಗ ತಾನೇ ಎಲ್ಲ ಅಳಿಸಿದೆ ಅಂದೆಯಲ್ಲ. ವೈರಸ್ ಎಲ್ಲಿಂದ ಬಂತು? ಹುಡುಗಿ ಮಹಡಿಯಲ್ಲಿದ್ದಾಳೆ. ಅಲ್ಲಿಂದಲೇ ಊದಿದಳಾ?" ಅಂತ ಹಿಂದಿಯಲ್ಲೇ ಕೇಳಿದೆ.

ಅವನು ತಲೆ ಕೆರೆದುಕೊಂಡ. "ಮತ್ತೊಮ್ಮೆ ಫಾರ್ಮ್ಯಾಟ್..."

"ಫಾರ್ಮ್ಯಾಟ್ ಅಂದರೆ ನೋಡು! ಡಬ್ಬ ಬಿಚ್ಚು."

"ನಿನಗೇನು ಗೊತ್ತು ಇದೆಲ್ಲ, ಒಳಗೆ ಹೋಗು" ಅಂದರು ಯಜಮಾನರು.

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಒಪ್ಪಿದೆ. ಆದರೆ ಅಡುಗೆಮನೆಯಲ್ಲಿ ಫ್ಯೂಸ್ ಹಾರಿದರೆ ಏನು ಮಾಡುತ್ತೇವೆ? ಗ್ರೈಂಡರ್ ತೆಗೆದು ನೋಡುತ್ತೇವೆ, ಮಿಕ್ಸಿ ತೆಗೆದು ನೋಡುತ್ತೇವೆ, ಯಾವುದನ್ನು ತೆಗೆದಾಗ ನಿಲ್ಲುತ್ತದೋ ಅದೇ ಕಳ್ಳ. ಅಡುಗೆಯವಳನ್ನು ರೈಲು ಹತ್ತಿಸುವುದಿಲ್ಲ. ಅದನ್ನೇ ಹೇಳಿದೆ. ವರುಣ್ ನನ್ನ ಕೈಯಲ್ಲಿದ್ದ ಸೌಟು ನೋಡಿ ಸ್ಕ್ರೂಡ್ರೈವರ್ ತೆಗೆದ.

ಒಳಗೆ ಎರಡು ಉದ್ದನೆಯ ಹಸಿರು ಪಟ್ಟಿಗಳಿದ್ದವು, ಮೆಮೊರಿ ಅಂತೆ. ಒಂದನ್ನು ತೆಗೆಸಿದೆ. ಮತ್ತೆ ತುಂಬಲು ಹಚ್ಚಿದರೆ ಸಲೀಸಾಗಿ ತುಂಬಿಕೊಂಡಿತು, ಎಲ್ಲೂ ನಿಲ್ಲಲಿಲ್ಲ. "ಹಾಗಾದರೆ ತೆಗೆದ ಪಟ್ಟಿ ಕೆಟ್ಟಿದೆ" ಅಂದ ಅವನು. "ಇರು" ಅಂದೆ. ಒಳಗಿದ್ದದ್ದನ್ನು ತೆಗೆಸಿ, ಕೆಟ್ಟದ್ದು ಅಂದದ್ದನ್ನು ಅದೇ ಜಾಗಕ್ಕೆ ಹಾಕಿಸಿದೆ. ಅದೂ ಚೆನ್ನಾಗಿ ಓಡಿತು! ಆಮೇಲೆ ಮೊದಲು ಓಡಿದ್ದ ಒಳ್ಳೆಯ ಪಟ್ಟಿಯನ್ನು ಖಾಲಿ ಉಳಿದಿದ್ದ ಇನ್ನೊಂದು ಜಾಗಕ್ಕೆ ಹಾಕಿದೆವು. ಸ್ವಲ್ಪ ಹೊತ್ತಿಗೇ ನೀಲಿ. ಅಂದರೆ ಪಟ್ಟಿಗಳೆರಡೂ ಸರಿ, ಒಂದು ಪಟ್ಟಿ ಕೂರುವ ಜಾಗವೇ ಹಾಳು. ವರುಣ್ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ.

"ಆಂಟಿಜೀ, ಇಲ್ಲಿ ಏನೋ ನೀರು ಬಿದ್ದಿದೆ. ಒಣಗಿ ಅಂಟಂಟಾಗಿದೆ, ತುಕ್ಕು ಹಿಡಿದಿದೆ."

"ನಾನು ಹೇಳಲಿಲ್ಲವಾ?" ಯಜಮಾನರು ಎದ್ದು ನಿಂತರು. "ಅವಳೇ ಚೆಲ್ಲಿದ್ದು! ಬಾಟಲಿ ಪಕ್ಕದಲ್ಲೇ ಇಟ್ಕೊಳ್ತಾಳೆ."

ನಾನೂ ಬಗ್ಗಿ ನೋಡಿದೆ. ಆ ಅಂಟಿನಲ್ಲಿ ಕೆಂಪಗೆ ಕುಂಕುಮ, ಪಕ್ಕದಲ್ಲಿ ಅರಿಶಿನ ಹಚ್ಚಿದ ಅಕ್ಕಿಕಾಳು.

"ಅಲ್ಲ ರೀ, ಧನ್ಯಾ ಅಕ್ಷತೆ ಹಾಕ್ಕೊಂಡು ನೀರು ಕುಡೀತಾಳಾ?" ಅಂದೆ.

ಆಯುಧಪೂಜೆಯ ದಿನ ಗ್ರೈಂಡರಿಗೆ, ಒಲೆಗೆ, ಸ್ಕೂಟರಿಗೆ ಎರೆದ ಹಾಗೆ ಇದರ ನೆತ್ತಿಯ ಮೇಲೂ ಕಾಯಿ ಒಡೆದು ನೀರು ಎರೆದವರು ಯಾರು? ಇದೇ ಮಹಾನುಭಾವರು! ಡಬ್ಬದ ಮೇಲ್ಭಾಗವೆಲ್ಲ ಜಾಲರಿ. ಕಾಯಿನೀರು ಸೀದಾ ಒಳಗೆ ಇಳಿದಿದೆ. ದೇವರು ಕೇಳಿದ್ದನಾ ಕಂಪ್ಯೂಟರಿಗೆ ಅಭಿಷೇಕ ಮಾಡು ಅಂತ?

"ಆಯ್ತು ಬಿಡು, ಗೊತ್ತಾಯ್ತಲ್ಲ" ಅಂದರು ಮೆಲ್ಲಗೆ. "ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಅವಳನ್ನು ಕೆಳಗೆ ಕರಿ, ಗಿರಾಕಿ ಬರೋ ಹೊತ್ತಾಯ್ತು."

"ಆಯ್ತು ಬಿಡು ಅಂತೆ! ಊರಿಗೆ ಫೋನ್ ಮಾಡಿದ್ದು ಯಾವ ಬಾಯಿ? ಅದೇ ಬಾಯಲ್ಲಿ ಈಗ ಮಾಡಿ. ನನ್ನ ಎದುರಿಗೆ."

ಧನ್ಯಾಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಇವರು ಫೋನ್ ಹಚ್ಚಿದರು. "ವಾಸಂತೀ, ಅದು ಮೆಷಿನ್ನಿಂದೇ ಏನೋ ತೊಂದರೆ ಇತ್ತಂತೆ..." ಅಂತ ಶುರುಮಾಡಿದರು. ನಾನು ಸ್ಪೀಕರ್ ಒತ್ತಿ "ಪೂರ್ತಿ ಹೇಳಿ" ಅಂದೆ. ಆಗ ಹೇಳಿದರು: ಕಾಯಿನೀರು ಎರೆದದ್ದು ನಾನೇ, ಹುಡುಗಿಯ ತಪ್ಪು ಏನೂ ಇಲ್ಲ, ವಿಡಿಯೋ ಗಿಡಿಯೋ ಎಲ್ಲ ನಾನು ಸಿಟ್ಟಿನಲ್ಲಿ ಆಡಿದ ಮಾತು.

ಆ ಕಡೆ ವಾಸಂತಿ ಅತ್ತುಬಿಟ್ಟಳು. "ಭಾವ, ನೀವು ಹೇಳಿದ್ರಿ ಅಂತ ನಾನು ನಂಬಿಬಿಟ್ಟೆ. ಅವಳು ಫೋನ್ ಮಾಡಿದಾಗ ಬಾಯಿಗೆ ಬಂದ ಹಾಗೆ ಬೈದೆ. ಇನ್ನು ನನಗೆ ಮುಖ ತೋರಿಸಬೇಡ ಅಂದೆ" ಅಂದಳು.

ಧನ್ಯಾ ಫೋನ್ ಮುಟ್ಟಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಯಜಮಾನರ ಕಡೆ ತಿರುಗಿ ಹೇಳಿದಳು: "ದೊಡ್ಡಪ್ಪ, ಪೂಜೆ ಆದ ಮೇಲೆ ಅದರ ಮೇಲಿನ ನೀರು ಒರೆಸಿದ್ದು ನಾನೇ. ಒಳಗೂ ಹೋಗಿದೆ ಅಂತ ಹೇಳೋಕೆ ಬಂದೆ, ಬಾಯಿ ಮುಚ್ಚು ಅಂದ್ರಿ. ಮೆಷಿನ್ನಿಗೆ ಏನಾಗಿದೆ ಅಂತ ಮೂರು ಸಲ ಮೆಕ್ಯಾನಿಕ್ಕನ್ನ ಕರೆಸಿದ್ರಿ. ನನ್ನನ್ನ ಒಂದು ಸಲ ಕೇಳಿದ್ರಾ?"

ಅವರು ಸ್ಟೂಲ್ ಎಳೆದುಕೊಂಡು ಅವಳ ಎದುರಿಗೆ ಕೂತರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. "ತಪ್ಪಾಯ್ತು ಮಗಾ. ಈಗ ಕೇಳ್ತಾ ಇದ್ದೀನಿ, ಹೇಳು" ಅಂದರು.

"ಈಗ ನಾನು ಹೇಳಲ್ಲ" ಅಂದಳು ಧನ್ಯಾ. "ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಇನ್ನೊಂದು ತೆಗೀರಿ, ನೀವೂ ಬನ್ನಿ, ಊರಲ್ಲಿ ಎಲ್ಲರ ಎದುರಿಗೆ ನೀವೇ ಹೇಳಿ. ಅಮ್ಮನಿಗೆ ಫೋನಲ್ಲಿ ಹೇಳಿದ್ದು ಊರಿಗೆಲ್ಲ ಕೇಳಿಸಿಲ್ಲ."